ಟ್ಯಾಂಕಿನ ದಿನ ಈಟಿ ಬೇಡ

ಹಬ್ಬದ ಊಟಕ್ಕೆ ಮೀನು ತಂದವನೇ ಊಟಕ್ಕೆ ಏಳದಿದ್ದರೆ ಯಾವ ಹೆಂಡತಿಯ ಎದೆ ಧಸಕ್ಕೆನ್ನುವುದಿಲ್ಲ, ಹೇಳಿ? ಗೆಡ್ಡೆ ಸುಲಿಯುತ್ತಿದ್ದ ಸೆರೆಯಾನ ಅದನ್ನು ಬಿಟ್ಟು ಒಳಗೆ ಬಂದಳು. ಗಂಡ ಪೆನಾಯ ಚಾಪೆಯ ಮೇಲೆ ಮುದುಡಿಕೊಂಡಿದ್ದ. ಬಲ ಭುಜವನ್ನು ಎಡಗೈಯಲ್ಲಿ ಅದುಮಿ ಹಿಡಿದಿದ್ದ.

"ಏನ್ರೀ ಇದು? ಹೊರಗೆ ಎಲ್ಲರೂ ನಿಮ್ಮನ್ನೇ ಕೇಳ್ತಿದ್ದಾರೆ."

"ದಣಿವು ಕಣೇ. ಸ್ವಲ್ಪ ಮಲಗಿದ್ರೆ ಹೋಗುತ್ತೆ. ಯಾರಿಗೂ ಹೇಳ್ಬೇಡ."

ಅಂದು ವುನಿಸೇಯ ಎಂಬ ಆ ದ್ವೀಪದ ಊರಿಗೆ ದೊಡ್ಡ ದಿನ. ಊರಿನ ದೊರೆ ತೀರಿಕೊಂಡು ನೂರು ದಿನ ತುಂಬಿತ್ತು. ಆ ನೂರು ದಿನವೂ ಹವಳದ ದಿಬ್ಬದ ಒಂದು ಭಾಗಕ್ಕೆ ಕಟ್ಟು ಹಾಕಿದ್ದರು. ಅಲ್ಲಿ ಯಾರೂ ಒಂದು ಮೀನನ್ನೂ ಹಿಡಿಯುವಂತಿಲ್ಲ. ಮಧ್ಯಾಹ್ನ ಕಟ್ಟು ಬಿಚ್ಚಿದರು. ಬಿಚ್ಚಿದ ನೀರಿನಿಂದ ಮೊದಲ ಮೀನು ತರುವುದು ಪೆನಾಯನ ಮನೆತನದ ಹಕ್ಕು. ತಲತಲಾಂತರದಿಂದ ಅವರು ದೊರೆಯ ಬೆಸ್ತರು. ಪೆನಾಯ ಈಟಿ ಹಿಡಿದು, ಉಸಿರು ಕಟ್ಟಿ, ಇಳಿದು ಹತ್ತಿ ಇಳಿದು ಹತ್ತಿ ದೋಣಿ ತುಂಬ ಮೀನು ತಂದಿದ್ದ. ಊರೆಲ್ಲ ಭೇಷ್ ಅಂದಿತ್ತು.

ಆದರೆ ಅದೇ ಬೆಳಿಗ್ಗೆ ಅವನು ಇನ್ನೊಂದು ಕೆಲಸವನ್ನೂ ಮಾಡಿ ಬಂದಿದ್ದ. ಆಮೆ ಗವಿ, ಹಳದಿ ಗೋಡೆ, ಮೂರು ಕೊಡೆ ಎಂದು ದ್ವೀಪದ ಸುತ್ತ ಹನ್ನೊಂದು ಮುಳುಗುತಾಣಗಳಿವೆ. ಬೆನ್ನಿಗೆ ಗಾಳಿಯ ಟ್ಯಾಂಕ್ ಕಟ್ಟಿಕೊಂಡು ಪರದೇಶದ ಅತಿಥಿಗಳಿಗೆ ಅವನ್ನು ತೋರಿಸುವುದೇ ಪೆನಾಯನ ನೌಕರಿ. ಅಂದು ಬೆಳಿಗ್ಗೆ ಎರಡು ಸಲ ಹಳದಿ ಗೋಡೆಗೆ ಇಳಿದಿದ್ದ. ಆ ಜಾಗ ಕಟ್ಟು ಹಾಕಿದ ನೀರಿನೊಳಗೇ ಇದೆ. ಹಿಡಿಯುವಂತಿಲ್ಲ, ನೋಡಬಹುದು ಎಂದು ಊರಿನ ಹಿರಿಯರು ಒಪ್ಪಿದ್ದರು. ಒಪ್ಪದಿದ್ದವಳು ಅವನ ತಾಯಿ ಕೆಲೆರಾ ಒಬ್ಬಳೇ. ಊರಿಗೆಲ್ಲ ಅವಳು ಬುಬು, ಅಂದರೆ ಅಜ್ಜಿ.

ಬುಬು ತೆಂಗಿನೆಣ್ಣೆಯ ಬಟ್ಟಲು ಹಿಡಿದೇ ಒಳಗೆ ಬಂದಳು.

"ದಣಿವಂತೆ ದಣಿವು! ಕಟ್ಟು ಬಿಚ್ಚೋ ಮುಂಚೆ ಆ ನೀರಿಗೆ ಇಳಿಬೇಡ ಕಣೋ ಅಂತ ಬಾಯಿ ಬಡ್ಕೊಂಡೆ. ಕೇಳಿದ್ಯಾ? ತೀರಿಹೋದ ಹಿರಿಯರು ಸುಮ್ನೆ ಬಿಡ್ತಾರಾ? ತಿರುಗು ಈ ಕಡೆ, ಎಣ್ಣೆ ತಿಕ್ತೀನಿ. ಒಂದು ಚಿಪ್ಪು ಯಂಗೋನ ಬೇರಿನ ಪಾನಕ ಕುಡಿದು ಮಲಗು. ನಾಳೆ ತಪ್ಪೊಪ್ಕೊಂಡ್ರಾಯ್ತು."

ಗಂಡ ಯಾಕೆ ಬಾಯಿ ಬಿಡುತ್ತಿಲ್ಲವೆಂದು ಸೆರೆಯಾನಳಿಗೆ ಆಗ ಹೊಳೆಯಿತು. ದೊರೆಯ ಹಬ್ಬದ ದಿನವೇ ದೊರೆಯ ಬೆಸ್ತನಿಗೆ ಶಾಪ ತಟ್ಟಿತು ಎಂದರೆ ಮನೆತನ ತಲೆ ಎತ್ತುವ ಹಾಗಿಲ್ಲ. ಪಾಪ, ಮಾನಕ್ಕಾಗಿ ಹಲ್ಲು ಕಚ್ಚಿಕೊಂಡು ಮಲಗಿದ್ದ.

"ಸೆರೆ," ಎಂದ ಪೆನಾಯ ಮೆಲ್ಲಗೆ. "ಬಲಗಾಲು ಜುಮ್ಮನ್ನುತ್ತಿದೆ ಕಣೇ. ನನ್ನ ಕಾಲೇ ಅಲ್ಲವೇನೋ ಅನ್ಸುತ್ತೆ."

ಸೆರೆಯಾನ ಎದ್ದೇಬಿಟ್ಟಳು. "ಮಾನ ಹೋದ್ರೆ ಹೋಗ್ಲಿ ಅತ್ತೆ, ಇವರ ಕಾಲು ಹೋಗೋದು ಬೇಡ. ನರ್ಸಮ್ಮನ್ನ ಕರ್ಕೊಂಡು ಬರ್ತೀನಿ."

ನರ್ಸ್ ವಾಸೇವ ಹಬ್ಬದ ಹೂವಿನ ಹಾರದಲ್ಲೇ ಓಡಿ ಬಂದಳು. ಮೊದಲು ಕೇಳಿದ್ದೇ, "ಬೆಳಿಗ್ಗೆ ಟ್ಯಾಂಕ್ ಹಾಕ್ಕೊಂಡು ಇಳಿದಿದ್ಯಾ?"

"ಎರಡು ಸಲ, ಅಕ್ಕ."

"ಮಧ್ಯಾಹ್ನ ಈಟಿ ಹಿಡಿದು ಎಷ್ಟು ಸಲ?"

"ಯಾರು ಎಣಿಸಿದ್ರು ಅಕ್ಕ? ಮೀನು ಸಿಗ್ತಾನೇ ಇತ್ತು."

"ಅಯ್ಯೋ ಪುಣ್ಯಾತ್ಮ! ಬುಬು, ತಿಕ್ಕೋದು ನಿಲ್ಸಿ. ಇವನಿಗೆ ಬೇಕಾಗಿರೋದು ಎಣ್ಣೆ ಅಲ್ಲ, ಆಕ್ಸಿಜನ್."

ಬುಬು ಸುಮ್ಮನಾಗುವ ಜಾತಿಯಲ್ಲ. "ಇವನ ತಾತ ಎಪ್ಪತ್ತು ವರ್ಷದವರೆಗೂ ಮುಳುಗ್ತಿದ್ದ. ಅವನಿಗೇನೂ ಆಗ್ಲಿಲ್ಲ. ನೀನು ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು, ನನಗೆ ಸಮುದ್ರ ಕಲಿಸ್ತೀಯಾ?"

"ತಾತ ಮೇಲಿಂದ ಒಂದೇ ಉಸಿರು ಒಯ್ದ, ಅದೇ ಉಸಿರು ವಾಪಸ್ ತಂದ. ಬೆನ್ನಿಗೆ ಟ್ಯಾಂಕ್ ಇತ್ತಾ?"

"ಇರ್ಲಿಲ್ಲ."

ವಾಸೇವ ಅಲ್ಲೇ ಇದ್ದ ಸೋಡಾ ಬಾಟಲಿ ತೆಗೆದುಕೊಂಡಳು. "ಇದ್ರೊಳಗೆ ಗುಳ್ಳೆ ಕಾಣುತ್ತಾ, ಬುಬು?"

"ಇಲ್ಲ. ಅದಕ್ಕೇನೀಗ?"

ವಾಸೇವ ಮುಚ್ಚಳ ಕಿತ್ತಳು. ಚುಸ್ಸೆಂದು ನೊರೆ ಉಕ್ಕಿ ಬುಬುವಿನ ಹೊಸ ಲಂಗದ ಮೇಲೆಲ್ಲ ಹಾರಿತು.

"ನಿನ್ನ ಮನೆ ಹಾಳಾಗ! ಹಬ್ಬದ ಬಟ್ಟೆ ಕಣೇ!"

"ಬಟ್ಟೆ ನಾನೇ ಒಗೆದು ಕೊಡ್ತೀನಿ, ಕೇಳಿ. ಆಳದಲ್ಲಿ ಟ್ಯಾಂಕಿನ ಗಾಳಿ ಉಸಿರಾಡಿದ್ರೆ ಅದು ರಕ್ತದಲ್ಲಿ ಹೀಗೇ ಕಾಣದ ಹಾಗೆ ಸೇರ್ಕೊಳ್ಳುತ್ತೆ. ನಿಧಾನಕ್ಕೆ ಹೊರಗೆ ಹೋಗೋಕೆ ಪೂರ್ತಿ ಒಂದು ದಿನ ಬೇಕು. ಅಷ್ಟರಲ್ಲಿ ಉಸಿರು ಕಟ್ಟಿ ಮತ್ತೆ ಮತ್ತೆ ಇಳಿದು, ಬಾಣದ ಹಾಗೆ ಮೇಲೆ ಬಂದ್ರೆ ಮೈಯೊಳಗೇ ಗುಳ್ಳೆ ಏಳುತ್ತೆ. ಕೀಲಲ್ಲಿ ಕೂತ್ರೆ ನೋವು. ಬೆನ್ನುಹುರಿಯಲ್ಲಿ ಕೂತ್ರೆ ಕಾಲು ಬಿದ್ದುಹೋಗುತ್ತೆ. ಟ್ಯಾಂಕ್ ಒಂದೇ ಆಗಿದ್ರೆ, ಈಟಿ ಒಂದೇ ಆಗಿದ್ರೆ ತಡ್ಕೊಂಡಿರೋನೇನೋ. ಇವನು ಒಂದೇ ದಿನ ಎರಡನ್ನೂ ಮಾಡಿದ್ದಾನೆ."

"ಬೋಟಲ್ಲಿ ಆಕ್ಸಿಜನ್ ಪೆಟ್ಟಿಗೆ ಇದೆ, ಅಕ್ಕ," ಎಂದ ಪೆನಾಯ. "ದಿನಾ ನಾನೇ ಹೊತ್ತು ಹಾಕ್ತೀನಿ. ಆದ್ರೆ ಅದು ಅತಿಥಿಗಳಿಗೆ ಅಂತ ಇಟ್ಟಿರೋದು."

"ಅತಿಥಿಗಳ ಮೈಯಲ್ಲಿ ಹರಿಯೋದು ರಕ್ತ, ನಿನ್ನ ಮೈಯಲ್ಲೇನು ಎಳನೀರಾ?" ವಾಸೇವ ಗದರಿಸಿದಳು. ಗದರಿಸಿದರೂ ಅವನ ತಲೆ ಸವರಿದಳು. ಆಮೇಲೆ ಬುಬುವಿನ ಪಕ್ಕ ಕುಳಿತಳು. "ಹಿರಿಯರ ಹತ್ರ ಕ್ಷಮೆ ಕೇಳ್ತೀರಾ, ಕೇಳಿ. ನಾನು ಬೇಡ ಅನ್ನಲ್ಲ. ಅದು ನಾಳೆ ಆದ್ರೂ ನಡೆಯುತ್ತೆ. ಇದು ನಾಳೆಗೆ ಕಾಯಲ್ಲ. ನಿಮ್ಮ ತಮ್ಮ ವಾಯ್ಸೇಯನಿಗೆ ಮೊದಲ ದಿನ ಏನಾಗಿತ್ತು, ಬುಬು?"

ಬುಬು ತನ್ನ ಎಣ್ಣೆಗೈ ನೋಡಿಕೊಂಡಳು. ವಾಯ್ಸೇಯ ಸಮುದ್ರಸೌತೆ ಎಂಬ ಕಡಲಜೀವಿಯನ್ನು ಆಯಲು ಟ್ಯಾಂಕ್ ಕಟ್ಟಿಕೊಂಡು ಇಳಿಯುತ್ತಿದ್ದವನು. ಈಗ ಎರಡು ಕೋಲೂರಿ ನಡೆಯುತ್ತಾನೆ. ಊರೆಲ್ಲ ಅದನ್ನು ಶಾಪ ಎಂದಿತ್ತು.

"ಭುಜ ನೋವು," ಎಂದಳು ಬುಬು. "ಆಮೇಲೆ ಕಾಲು ಜುಮ್ಮನ್ನುತ್ತೆ ಅಂದ. ಮೂರು ದಿನ ಎಣ್ಣೆ ತಿಕ್ಕಿದೆ ಕಣೇ. ಈ ಕೈಯಲ್ಲೇ ತಿಕ್ಕಿದೆ."

ಬುಬು ಬಟ್ಟಲು ಪಕ್ಕಕ್ಕಿಟ್ಟು ಎದ್ದಳು. ನೆಂದ ಲಂಗದಲ್ಲೇ ನೇರವಾಗಿ ಹಬ್ಬದ ಚಪ್ಪರಕ್ಕೆ ಹೋಗಿ ಊರಿನವರೆಲ್ಲರ ಎದುರು ನಿಂತಳು.

"ನನ್ನ ಮಗ ಕಾಯಿಲೆ ಬಿದ್ದಿದ್ದಾನೆ. ಶಾಪ ಅಲ್ಲ, ರಕ್ತದಲ್ಲಿ ಗಾಳಿಗುಳ್ಳೆ. ಏನಂದ್ಕೋತೀರೋ ಅಂದ್ಕೊಳ್ಳಿ. ನನಗೀಗ ದೊಡ್ಡ ಬೋಟು ಬೇಕು."

ದೊರೆಯ ಪರವಾಗಿ ಸಭೆಯಲ್ಲಿ ಮಾತಾಡುತ್ತಿದ್ದ ಮುದುಕ ಕೈಲಿದ್ದ ಯಂಗೋನದ ಚಿಪ್ಪು ಕೆಳಗಿಟ್ಟ. "ದೊರೆ ಇದ್ದಿದ್ರೆ ತಾವೇ ಬಂದು ಬೋಟು ತಳ್ತಿದ್ರು. ಏಳ್ರೋ!"

ಆಕ್ಸಿಜನ್ ಪೆಟ್ಟಿಗೆ ಬಂತು. ವಾಸೇವ ಪೆನಾಯನನ್ನು ಅಂಗಾತ ಮಲಗಿಸಿ ಮೂಗಿಗೆ ಬಾಯಿಗೆ ಅದರ ಮಾಸ್ಕ್ ಕಟ್ಟಿದಳು, ನೀರು ಬೇಕೆಂದಾಗ ಸ್ವಲ್ಪ ಸ್ವಲ್ಪ ಕುಡಿಸಿದಳು, ಮುಳುಗುವವರ ರೋಗ ಬಲ್ಲ ಡಾಕ್ಟರಿಗೆ ಫೋನು ಮಾಡಿದಳು. ಹೊತ್ತು ಮುಳುಗುವ ಮೊದಲೇ ಬೋಟು ಪಟ್ಟಣದ ಕಡೆ ಹೊರಟಿತು. ಅಲ್ಲಿ ಗಾಳಿಯ ಒತ್ತಡ ಹೆಚ್ಚಿಸಿ ಗುಳ್ಳೆ ಕರಗಿಸುವ ಕೋಣೆಯಲ್ಲಿಟ್ಟು ಚಿಕಿತ್ಸೆ ಕೊಟ್ಟರು. ಸೆರೆಯಾನ ದಿನವೂ ಅವನ ಬಲಗಾಲಿನ ಹೆಬ್ಬೆರಳು ಚಿವುಟಿ ನೋಡುತ್ತಿದ್ದಳು. ಮೂರನೇ ದಿನ "ಅಯ್ಯೋ, ನೋವು ಕಣೇ!" ಎಂದು ಅವನು ಕೂಗಿದಾಗ ಅವಳು ಗೊಳೋ ಎಂದು ಅತ್ತುಬಿಟ್ಟಳು.

ಎರಡು ವಾರದ ಮೇಲೆ ಪೆನಾಯ ತನ್ನ ಕಾಲ ಮೇಲೆಯೇ ನಡೆದು ದಡಕ್ಕೆ ಬಂದ. ಅಲ್ಲಿ ವಾಯ್ಸೇಯ ಎರಡು ಕೋಲು ಊರಿಕೊಂಡು ಕಾಯುತ್ತಿದ್ದ. ಬುಬುವಿಗೆ ತಮ್ಮನ ಮುಖ ನೋಡಲಾಗಲಿಲ್ಲ.

"ಆವತ್ತು ನಿನ್ನನ್ನೂ ಹೀಗೆ ಕರ್ಕೊಂಡು ಹೋಗಿದ್ರೆ..." ಎಂದು ತಡವರಿಸಿದಳು.

"ಆವತ್ತು ನಿನಗೆ ಗೊತ್ತಿರ್ಲಿಲ್ಲ ಅಕ್ಕ," ಎಂದ ವಾಯ್ಸೇಯ. "ಈಗ ಗೊತ್ತಲ್ಲ. ಸುಮ್ನಿರಬೇಡ, ಎಲ್ಲರಿಗೂ ಹೇಳು."

ಅಂದಿನಿಂದ ಬುಬು ಸುಮ್ಮನಿಲ್ಲ. ಡಾಕ್ಟರು ಒಪ್ಪಿದ ಮೇಲೆ ಮಗ ಮತ್ತೆ ಟ್ಯಾಂಕ್ ಹೊರುವ ದಿನವೆಲ್ಲ ಈಟಿ ಅವಳ ಚಾಪೆಯ ಕೆಳಗೆ, ಅದರ ಮೇಲೆ ಅವಳು. ಹಬ್ಬದ ಮೀನಿಗೆ ಆ ದಿನ ಮನೆತನದ ಬೇರೆ ಗಂಡಸರು ಇಳಿಯುತ್ತಾರೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಟ್ಯಾಂಕ್ ಕಟ್ಟಿ ಮುಳುಗುವವರು ಇದ್ದಾರಲ್ಲವೇ? ನಿಧಾನವಾಗಿ ಮೇಲೆ ಬನ್ನಿ ಎಂದು ಅವರಿಗೆ ಹೇಳಿ. ಟ್ಯಾಂಕಿನ ದಿನ ಈಟಿ ಕೊಡಬೇಡಿ, ಮಾರನೆಯ ದಿನದವರೆಗೆ ವಿಮಾನ ಹತ್ತಲು ಬಿಡಬೇಡಿ. ನೀರಿನಿಂದ ಬಂದವರು ಕೀಲುನೋವು, ಜೋಮು, ತಲೆಸುತ್ತು ಎಂದರೆ ದಣಿವು ಎನ್ನಬೇಡಿ, ಶಾಪ ಎನ್ನಬೇಡಿ. ಎಣ್ಣೆ ತಿಕ್ಕುವುದು, ಯಂಗೋನ, ಮತ್ತೆ ಮುಳುಗುವುದು ಯಾವುದೂ ಬೇಡ. ಮಲಗಿಸಿ, ಆಕ್ಸಿಜನ್ ಕೊಡಿ, ಕೂಡಲೇ ನರ್ಸನ್ನು ಕರೆಯಿರಿ. ವಾಯ್ಸೇಯನ ಅಕ್ಕನಿಗೆ ಅಂದು ಗೊತ್ತಿರಲಿಲ್ಲ. ನಿಮಗೆ ಈಗ ಗೊತ್ತಾಯಿತು.