ಗಿಳಿಯ ಬೆನ್ನ ಮೇಲಿನ ಹನ್ನೆರಡು ಗ್ರಾಂ

ಬಾಗಿಲು ಒಂದು ಗಳಿಗೆ ತೆರೆದಿತ್ತು, ಅಷ್ಟರಲ್ಲಿ ಗಿಳಿ ಹಾರಿಹೋಯಿತು. ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹೊಳೆದಂಡೆಯ ಊರಾದ ಗಂಜಾಮಿನ ಹೊನ್ನಪ್ಪನವರ ಮನೆಯಲ್ಲೂ ಹೋದ ಬೇಸಿಗೆಯಲ್ಲಿ ಹೀಗೇ ಆಯಿತು. ಅವರ ಬೂದು ಗಿಳಿ ಗುಂಡ ಅರ್ಧ ದಿನ ಕಾಣದೆ ಹೋಗಿ, ಕೊನೆಗೆ ಪಕ್ಕದ ಮನೆಯವರ ತೆಂಗಿನ ಮರದಲ್ಲಿ ಸಿಕ್ಕಿತು.

ಆ ಅರ್ಧ ದಿನ ಹೊನ್ನಪ್ಪನವರು ಅನ್ನ ಮುಟ್ಟಲಿಲ್ಲ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವರ ಮಾತು ನಿಂತುಹೋಗಿತ್ತು. ದಿನವೂ ಗಟ್ಟಿಯಾಗಿ ಎಣಿಸುವ ಅಭ್ಯಾಸ ಮಾಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಜನರ ಮುಂದೆ ತೊದಲಲು ಅವರಿಗೆ ನಾಚಿಕೆ, ಗಿಳಿಯ ಮುಂದೆ ಅದಿರಲಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ಕೂತು ಅವರು "ಒಂದು" ಎಂದರೆ ಗುಂಡ "ಎಲ್ಡು" ಎನ್ನುತ್ತಿತ್ತು. ಹಾಗೆಯೇ ಒಂದೊಂದಾಗಿ ಮಾತು ಮರಳುತ್ತಿತ್ತು. ಹೆಂಡತಿ ಚಲುವಮ್ಮ ಹಾಲು ಕರೆದು ಮುಗಿದರೂ ಆ ಹೊತ್ತಿನಲ್ಲಿ ಕೊಟ್ಟಿಗೆಯಿಂದ ಹೊರಗೆ ಬರುತ್ತಿರಲಿಲ್ಲ. ಯಾರೋ ಕೇಳುತ್ತಿದ್ದಾರೆ ಎಂದು ಗೊತ್ತಾದರೆ ಗಂಡ ಸುಮ್ಮನಾಗಿಬಿಡುತ್ತಾರೆ ಎಂದು ಆಕೆಗೆ ಗೊತ್ತಿತ್ತು. ಗಿಳಿ ಹೋದರೆ ಇವರ ಮಾತೂ ಅದರ ಜೊತೆಗೇ ಹೋಗುತ್ತದೆ ಎಂಬುದು ಆಕೆಯ ಭಯ.

ಹೊನ್ನಪ್ಪನವರ ತಮ್ಮ ನಿಂಗರಾಜು ಲಗೇಜ್ ಆಟೊ ಓಡಿಸುವವನು. ಅವನು ಮಾರನೆಯ ದಿನವೇ ಬೀಗದ ಕೈಗೆ ಕಟ್ಟಿ ಫೋನಿನಲ್ಲಿ ಹುಡುಕುವ ಗುಂಡಿಯೊಂದನ್ನು ತಂದು, ಕರಿದಾರದಲ್ಲಿ ಗಿಳಿಯ ಕೊರಳಿಗೆ ಕಟ್ಟಿದ. ಹಸುಕರುವಿನ ಮನೆ ಅದು. ಯಾವ ಪ್ರಾಣಿ ಕಂಡರೂ ಕೈ ಕೊರಳಿಗೇ ಹೋಗುತ್ತದೆ.

ಆ ವಾರ ಹಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಪಶುವೈದ್ಯೆ ಲತ ಬಂದರು. ಗಿಳಿಯನ್ನು ನೋಡಿದವರೇ ಕತ್ತರಿ ಕೇಳಿ ದಾರ ಕತ್ತರಿಸಿದರು.

"ಯಾರು ಇದನ್ನ ಕಟ್ಟಿದ್ದು?"

"ನಾನೇ ಮೇಡಂ. ಕರುಗೆ ಗಂಟೆ ಕಟ್ಟಕಿಲ್ವಾ, ಅಂಗೆ," ಎಂದ ನಿಂಗರಾಜು.

"ಕರು ಕೊಂಬೆ ಮೇಲೆ ಕೂರುತ್ತಾ ನಿಂಗರಾಜು? ಈ ದಾರ ಒಂದು ಕಡ್ಡಿಗೆ ಸಿಕ್ಕಿಕೊಂಡ್ರೆ ಗಿಳಿಗೆ ನೇಣು. ಅಲ್ಲದೆ ಈ ಗುಂಡಿ ಹತ್ತಿರ ಇರೋ ಫೋನಿಗೆ ಮಾತ್ರ ಸುದ್ದಿ ಕೊಡೋದು. ಮನೆಯೊಳಗೆ ಬೀಗದ ಕೈ ಹುಡುಕೋಕೆ ಸರಿ. ಗಿಳಿ ಹೊಳೆ ದಾಟಿದ್ರೆ ಇದನ್ನ ನಂಬೋ ಹಾಗಿಲ್ಲ."

"ಕಾಲಲ್ಲಿ ನಂಬರಿನ ಬಳೆ ಐತಲ್ಲ, ಸಾಲ್ದಾ?"

"ನಿಮ್ಮ ಹಸು ಕಿವೀಲಿ ನಂಬರಿನ ಓಲೆ ಇದೆಯಲ್ಲ, ಹಸು ಎಲ್ಲಿ ಮೇಯ್ತಿದೆ ಅಂತ ಅದು ಹೇಳುತ್ತಾ?"

"ಅದೆಂಗೆ ಯೋಳ್ತದೆ? ಯಾರ ಹಸ ಅಂತ ಯೋಳ್ತದೆ."

"ಕಾಲಿನ ಬಳೆನೂ ಅಷ್ಟೇ, ಚರ್ಮದ ಕೆಳಗೆ ಹಾಕೋ ಮೈಕ್ರೋಚಿಪ್ ಕೂಡ ಅಷ್ಟೇ. ಸಿಕ್ಕಿದ ಮೇಲೆ ನಿಮ್ಮದು ಅಂತ ಹೇಳುತ್ತವೆ. ಎಲ್ಲಿದೆ ಅಂತ ಹೇಳಬೇಕಾದ್ರೆ ಜಿಪಿಎಸ್ ಬೇಕು, ಒಳಗೆ ಸಿಮ್ ಇರೋದು."

ನಿಂಗರಾಜುವಿಗೆ ಇದು ಹಿಡಿಸಲಿಲ್ಲ. "ಗಿಣಿಗೊಂದು ಸಿಮ್ಮಾ! ನಾಳೆ ರೀಚಾರ್ಜು ಅಂತದೆ. ಹೋದ್ರೆ ಹೋಯ್ತು ಬುಡಿ ಮೇಡಂ. ಹೊಳೆ ಆಚೆ ಕರಿಘಟ್ಟದ ತಾವ ಹಸ್ರು ಗಿಣಿ ಬೇಕಾದಷ್ಟವೆ. ಒಂದು ಹಿಡ್ಕೊಂಡು ಬತ್ತೀನಿ."

"ಹಿಡಿದ್ರೆ ಕೇಸಾಗುತ್ತೆ. ನಮ್ಮ ನಾಡಿನ ಹಸಿರು ಗಿಳಿ ಹಿಡಿಯೋದೂ ಅಪರಾಧ, ಸಾಕೋದೂ ಅಪರಾಧ. ಗುಂಡ ಹೊರದೇಶದ ಜಾತಿ. ಅರಣ್ಯ ಇಲಾಖೆಲಿ ನೋಂದಣಿ ಮಾಡಿಸಿದೀರಿ, ಅದಕ್ಕೇ ಈ ಮನೇಲಿದೆ."

ಜಗಲಿಯ ಮೂಲೆಯಿಂದ ಹೊನ್ನಪ್ಪನವರು ನಿಧಾನವಾಗಿ ಹೇಳಿದರು. "ಗುಂಡ... ನೇ... ಬೇಕು."

ನಿಂಗರಾಜು ಎದ್ದುಹೋಗಿ ಪಕ್ಕದ ಅಂಗಡಿಯಿಂದ ತಕ್ಕಡಿ ತಂದ.

ಅದರಲ್ಲಿ ಗುಂಡನನ್ನು ತೂಗಿದರು. ನಾನೂರ ಮೂವತ್ತು ಗ್ರಾಂ. ಹಕ್ಕಿಯ ತೂಕದ ನೂರಕ್ಕೆ ಮೂರು ಪಾಲು ಮೀರಿ ಭಾರ ಹೊರಿಸಬಾರದು ಎಂದು ಲತ ಲೆಕ್ಕ ಹಾಕಿದರು. ಹೆಚ್ಚೆಂದರೆ ಹದಿಮೂರು ಗ್ರಾಂ.

"ಹದಿಮೂರು ಗ್ರಾಮು ಒಂದು ಭಾರವಾ ಮೇಡಂ?"

"ನೀವು ಎಪ್ಪತ್ತು ಕೇಜಿ ಇದೀರಿ. ಎರಡು ಕೇಜಿ ಬೆನ್ನಿಗೆ ಕಟ್ಕೊಂಡು ತೆಂಗಿನ ಮರ ಹತ್ತಿ, ಆಮೇಲೆ ಹೇಳಿ."

ಹತ್ತಿರದಲ್ಲಿದ್ದವರೆಲ್ಲ ನಕ್ಕರು, ನಿಂಗರಾಜುವೂ ನಕ್ಕ.

ರೆಕ್ಕೆಗಳಿಗೆ ಅಡ್ಡಿಯಾಗದಂತೆ ಎದೆ ಬಳಸಿ ಕಟ್ಟುವ ಮೆತ್ತನೆಯ ಪಟ್ಟಿ, ಬೆನ್ನ ಮೇಲೆ ಕೂರುವ ಪುಟ್ಟ ಜಿಪಿಎಸ್ ಯಂತ್ರ ತರಿಸಿದರು. ಎರಡೂ ಸೇರಿ ಹನ್ನೆರಡು ಗ್ರಾಂ. ಅದನ್ನು ತಂದ ದಿನವೇ ಕಟ್ಟಲಿಲ್ಲ. ಲತ ಹೇಳಿದಂತೆ ಚಲುವಮ್ಮ ಮೊದಲು ಅದನ್ನು ಗುಂಡನ ಎದುರಿಗೆ ಸುಮ್ಮನೆ ಇಟ್ಟರು. ಆಮೇಲೆ ಕಡಲೆಬೀಜ ತಿನ್ನಿಸುತ್ತ ದಿನಕ್ಕೆ ಐದು ನಿಮಿಷ ತೊಡಿಸಿದರು. ಮೂರು ವಾರ ಹಿಡಿಯಿತು. ಗಿಳಿ ಜಗಲಿಗೆ ಬಂದಾಗ ಮಾತ್ರ ಪಟ್ಟಿ, ಅದೂ ಯಾರಾದರೂ ನೋಡಿಕೊಂಡಿರುವಾಗ. ಪಂಜರಕ್ಕೆ ಬಿಡುವ ಮುಂಚೆ ಬಿಚ್ಚಿ ಚಾರ್ಜಿಗೆ ಹಾಕುವುದು.

ಕಬ್ಬು ಕಡಿಯುವ ಕಾಲ ಬಂತು. ಒಂದು ಬೆಳಿಗ್ಗೆ ಮನೆಯ ಮುಂದೆಯೇ ಕಬ್ಬಿನ ಟ್ರಾಕ್ಟರಿನ ಟೈರು ಸಿಡಿಯಿತು. ಜಗಲಿಯಲ್ಲಿದ್ದ ಗುಂಡ ಬೆಚ್ಚಿ ಹಾರಿತು. ತೆಂಗಿನ ಮರ ದಾಟಿತು, ಹೊಳೆಯನ್ನೂ ದಾಟಿತು.

ಚಲುವಮ್ಮ ಅಳಲು ಶುರುಮಾಡುವಷ್ಟರಲ್ಲಿ ನಿಂಗರಾಜು ಫೋನು ತೆರೆದ. "ಅತ್ತಿಗೆ, ಅಳ್ಬ್ಯಾಡಿ. ಇಲ್ಲೇ ಹೋಯ್ತಾ ಅವ್ನೆ ನೋಡಿ."

ನಕ್ಷೆಯಲ್ಲಿ ಚುಕ್ಕಿಯೊಂದು ಸರಿಯುತ್ತ ಸರಿಯುತ್ತ ಕರಿಘಟ್ಟದ ಕಡೆ ಹೋಗಿ ನಿಂತಿತು. ಪಂಜರ, ಕಡಲೆಬೀಜ, ಅಣ್ಣ, ಅತ್ತಿಗೆ ಎಲ್ಲರನ್ನೂ ಆಟೊಗೆ ಹತ್ತಿಸಿಕೊಂಡು ನಿಂಗರಾಜು ಸೇತುವೆ ದಾಟಿದ.

ಚುಕ್ಕಿ ತೋರಿಸಿದ್ದು ಒಂದು ಗದ್ದೆಯ ಬದಿಯ ಮಾವಿನ ತೋಪು. ತೋಪು ಸಿಕ್ಕಿತು, ಯಾವ ಮರ ಎಂದು ತಿಳಿಯಲಿಲ್ಲ. ಪಂಪ್‌ಸೆಟ್ಟಿನ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ. ಗದ್ದೆಗೆ ನೀರು ಕಟ್ಟುತ್ತಿದ್ದ ಮಂಚಮ್ಮ ಎಂಬ ಹೆಂಗಸು ವಿಷಯ ಕೇಳಿದವಳೇ ಹೋಗಿ ಮೋಟರು ಆರಿಸಿದಳು.

"ಗದ್ದೆಗೆ ನೀರು ಹಾಯೋದ್ರೊಳಗೆ ಕರೆಂಟು ಹೊಂಟೋಯ್ತದಲ್ಲವ್ವ," ಎಂದರು ಚಲುವಮ್ಮ.

"ಹೋದ್ರೆ ಹೋಗ್ಲಿ ಬುಡವ್ವ. ನಾಳೀಕೆ ಕಟ್ಕತೀನಿ. ನೀವು ಕೂಗಿ."

ಹೊನ್ನಪ್ಪನವರು ಆಟೊದ ಕಂಬಿ ಹಿಡಿದು ಇಳಿದರು. ಎದುರಿಗೆ ಮೂರು ಜನ, ಅದರಲ್ಲಿ ಒಬ್ಬಳು ಗುರುತಿಲ್ಲದವಳು. ಚಲುವಮ್ಮ ಗಂಡನ ಮುಖ ನೋಡದೆ ಪಂಜರದ ಚಿಲಕ ಸರಿಮಾಡುತ್ತ ನಿಂತರು.

"ಒಂದು," ಎಂದರು ಹೊನ್ನಪ್ಪನವರು. ಇನ್ನೂ ಗಟ್ಟಿಯಾಗಿ, ತೋಪಿಗೆಲ್ಲ ಕೇಳುವಂತೆ ಕೂಗಿದರು. "ಒಂದು!"

ಮೂರನೆಯ ಮರದ ಮೇಲಿನಿಂದ ಬಂತು. "ಎಲ್ಡು."

"ಮೂರು," ಎನ್ನುತ್ತ ಅವರು ಆ ಮರದ ಕಡೆ ಹೆಜ್ಜೆ ಹಾಕಿದರು. "ನಾಕು," ಎಂದು ಗುಂಡ ಒಂದು ಕೊಂಬೆ ಇಳಿಯಿತು. ಲೆಕ್ಕ ಮುಂದುವರಿಯಿತು. ಒಂಬತ್ತಕ್ಕೆ ಗಿಳಿ ಅವರ ಹೆಗಲ ಮೇಲಿತ್ತು.

ನಿಂಗರಾಜು ಅಲ್ಲಿಂದಲೇ ಲತ ಅವರಿಗೆ ಫೋನು ಮಾಡಿದ. "ಸಿಕ್ಬುಟ್ಟ ಮೇಡಂ. ಅವತ್ತು ನಾನು ಸುಮ್ಕೆ ಬಾಯಿ ಬಡ್ಕಂಡೆ. ಇನ್ಮ್ಯಾಕೆ ಚಾರ್ಜಿಗೆ ಹಾಕೋದು ನನ್ನ ಕೆಲ್ಸ."

ಓದುಗರೇ, ನಿಮ್ಮ ಮನೆಯಲ್ಲೂ ನೋಂದಣಿಯ ಕಾಗದಪತ್ರವಿರುವ ದೊಡ್ಡ ಗಿಳಿ ಇದ್ದರೆ, ಅದು ಹಾರಿಹೋಗುವ ತನಕ ಕಾಯಬೇಡಿ. ಈ ವಾರವೇ ತೂಗಿಸಿ, ಪಶುವೈದ್ಯರನ್ನು ಕೇಳಿ, ಅದರ ಮೈಗೆ ಒಪ್ಪುವ ಹಗುರ ಯಂತ್ರ ಹಾಕಿಸಿ, ನಿಧಾನವಾಗಿ ರೂಢಿ ಮಾಡಿಸಿ. ಅಂಗೈಯಷ್ಟಿರುವ ಸಣ್ಣ ಹಕ್ಕಿಗೆ ಯಂತ್ರ ಬೇಡ, ಅದು ಹೊರಲಾರದು. ಅದಕ್ಕೆ ಕಾಲಿನ ಬಳೆ ಮತ್ತು ಬಾಗಿಲಿಗೊಂದು ಜಾಲರಿ ಸಾಕು. ಯಾವ ಹಕ್ಕಿಯ ಕೊರಳಿಗೂ ಏನನ್ನೂ ಕಟ್ಟಬೇಡಿ. ನಿಮ್ಮ ಮನೆಯಲ್ಲಿ ಗಿಳಿ ಇಲ್ಲದಿದ್ದರೂ ಒಂದು ಕೆಲಸ ನಿಮ್ಮಿಂದ ಆಗುತ್ತದೆ. ಯಾರಾದರೂ ಮರದ ಕೆಳಗೆ ನಿಂತು ಹಕ್ಕಿಯನ್ನು ಕರೆಯುತ್ತಿದ್ದರೆ, ಸ್ವಲ್ಪ ಹೊತ್ತು ಮೋಟರು ನಿಲ್ಲಿಸಿ.