ಅಂಜಿನಮೂರ್ತಿಯ ಬಾಣಂತನ

ಯಶೋದಳ ಮಗನಿಗೆ ಒಂದೂವರೆ ವರ್ಷ ತುಂಬಿತ್ತು. ಮುದ್ದೆಯ ಚೂರನ್ನು ಸಾರಿನಲ್ಲಿ ಅದ್ದಿ ನುಂಗುವುದನ್ನು ಕಲಿತ ಮೇಲೆ ಅವನು ಎದೆಹಾಲಿಗೆ ಹಟ ಮಾಡುವುದನ್ನೇ ಬಿಟ್ಟಿದ್ದ. ಬಿಡದವಳು ಯಶೋದ. ಅಂಗಳದಲ್ಲಿ ಕೋಳಿಮರಿ ಅಟ್ಟಿಸಿಕೊಂಡು ಓಡುತ್ತಿದ್ದವನನ್ನು ಹಿಡಿದು ತಂದು ಮಡಿಲಿಗೆ ಹಾಕಿಕೊಳ್ಳುವಳು. ಅವನು ಕಾಲು ಝಾಡಿಸಿ ಓಡಿದರೆ ಮತ್ತೆ ಹಿಡಿದು ತರುವಳು.

"ಮೊಲೆ ಕುಡಿಯೋ ಮಗ ಇರೋಗಂಟ ಬಸುರು ನಿಲ್ಲಾಕಿಲ್ಲ ಕಣಮ್ಮ" ಎಂದು ಅತ್ತೆ ಜುಂಜಮ್ಮ ಹೇಳಿದ್ದಳು. ಆ ಮಾತನ್ನು ಯಶೋದ ತಾಯತದ ಹಾಗೆ ಕಟ್ಟಿಕೊಂಡಿದ್ದಳು.

ಕಟ್ಟಿಕೊಳ್ಳದೆ ವಿಧಿಯಿರಲಿಲ್ಲ. ಮಗಳೂ ಮಗನೂ ಇಬ್ಬರೂ ಹೊಟ್ಟೆ ಕೊಯ್ದು ಹುಟ್ಟಿದವರು. ಎರಡನೆಯ ಸಲ ರಕ್ತ ಸುರಿದು, ಯಶೋದ ಬದುಕಿ ಬಂದದ್ದೇ ಹೆಚ್ಚು. ಮಕ್ಕಳಾಗದ ಆಪರೇಷನ್ ಆವತ್ತೇ ಆಗಬೇಕಿತ್ತು. ಅವಳ ಸ್ಥಿತಿ ನೋಡಿ ಡಾಕ್ಟರು ಬೇಡವೆಂದು ಬಿಟ್ಟರು. ಮನೆಗೆ ಕಳಿಸುವಾಗ, "ಇನ್ನೊಂದು ಬಸುರಾದರೆ ನಿನ್ನ ಜೀವಕ್ಕೇ ಅಪಾಯ" ಎಂದಿದ್ದರು. ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು. ಯಾರ ಮುಂದೆಯೂ ತೋಡಿಕೊಳ್ಳುವವಳಲ್ಲ ಅವಳು. ಪ್ರತಿ ತಿಂಗಳೂ ಮುಟ್ಟಾದ ದಿನ ಮಾತ್ರ, ಪಾತ್ರೆ ತೊಳೆಯುತ್ತಾ ತನ್ನಷ್ಟಕ್ಕೆ ಹಾಡು ಗುನುಗುವಳು.

ಆ ತಿಂಗಳು ಗುನುಗುವ ದಿನ ಬರಲೇ ಇಲ್ಲ. ಯಶೋದಳಿಗೆ ಅನ್ನ ಸೇರದಾಯಿತು. ಕೊನೆಗೆ ನಾಚಿಕೆ ನುಂಗಿಕೊಂಡು ಊರಿನ ಆಶಾ ಕಾರ್ಯಕರ್ತೆ ಸರೋಜಮ್ಮನನ್ನು ಮನೆಗೆ ಕರೆದಳು. ಪರೀಕ್ಷೆಯ ಪಟ್ಟಿಯಲ್ಲಿ ಒಂದೇ ಗೆರೆ ಮೂಡಿತು.

"ಬಸುರೇನಿಲ್ಲ, ಮುಟ್ಟು ತಡ ಆಗದೆ ಅಷ್ಟೆ. ಉಸಿರಾಡು" ಎಂದಳು ಸರೋಜಮ್ಮ. "ಇಷ್ಟು ದಿನ ಏನ್ ಜೋಪಾನ ಮಾಡ್ತಿದ್ದೆ?"

"ಹಾಲು ಕುಡಿಸ್ತಿದ್ದೀನಲ್ಲಕ್ಕ."

"ಅಯ್ಯೋ ನನ್ನವ್ವ! ಮೊದಲ ಆರು ತಿಂಗಳು, ಮಗಾ ಬರೀ ಎದೆಹಾಲಲ್ಲೇ ಇದ್ದು, ತಾಯಿ ಮುಟ್ಟಾಗದೆ ಇದ್ರೆ ಆ ಮಾತು ನಡೀತದೆ. ನಿನ್ ಮಗ ಮುದ್ದೆ ಉಣ್ತಾನೆ, ನೀನು ತಿಂಗಳು ತಿಂಗಳೂ ಮುಟ್ಟಾಗ್ತೀಯ. ಇನ್ನೆಲ್ಲಿಯ ಕಾವಲು?"

ಬಾಗಿಲ ಬಳಿ ಚೊಂಬು ಎತ್ತಿ ನೀರು ಕುಡಿಯುತ್ತಿದ್ದ ಗಂಡ ಅಂಜಿನಮೂರ್ತಿ ಚೊಂಬನ್ನು ಕೆಳಗಿಟ್ಟ. ಶಿರಾದ ಕಡ್ಲೆಕಾಯಿ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ ಅವನು. ಬೆನ್ನು ಎಷ್ಟು ಅಗಲವೋ ಮಾತು ಅಷ್ಟೇ ಕಮ್ಮಿ. "ಇವಳ ಹೊಟ್ಟೆ ಎರಡು ಸಲ ಕೊಯ್ದಾಗದೆ. ಮೂರನೇ ಸಲ ಬ್ಯಾಡ. ಗಂಡಸ್ರಿಗೂ ಆಪರೇಷನ್ ಮಾಡ್ತಾರಲ್ಲ, ನಾನೇ ಮಾಡಿಸ್ಕತೀನಿ" ಎಂದ.

ಒಳಗೆ ಮೊರದಲ್ಲಿ ರಾಗಿ ಕೇರುತ್ತಿದ್ದ ಜುಂಜಮ್ಮನ ಕೈ ನಿಂತಿತು.

"ಏನಂದೆಲಾ?" ಎನ್ನುತ್ತಾ ಮೊರದ ಸಮೇತ ಈಚೆ ಬಂದಳು. ಹುಟ್ಟಿದಾಗಿನಿಂದ ಕುರಿಗಳ ಜೊತೆ ಬಾಳಿದವಳು, ಕುರಿಮಂದೆಯ ಲೆಕ್ಕದಲ್ಲೇ ಲೋಕವನ್ನು ಅಳೆಯುವವಳು. "ಬೀಜ ಒಡೆಸಿದ ಟಗರು ನೋಡಿಲ್ವಾ ನೀನು? ಕೊಬ್ಬು ಬೆಳೆಸ್ಕಂಡು ಮೂಲೇಲಿ ನಿಂತಿರ್ತದೆ. ಗುದ್ದು ಅಂದ್ರೆ ಗುದ್ದಾಕಿಲ್ಲ. ನಾಳೆ ಮೂಟೆ ಎತ್ತೋನ್ಯಾರು? ನಿಮ್ಮಪ್ಪ ಎದ್ ಬತ್ತಾನಾ?"

"ಜುಂಜಕ್ಕ, ಟಗರಿಗೆ ಮಾಡೋದೇ ಬೇರೆ. ಇದ್ರಲ್ಲಿ ಬೀಜ ಮುಟ್ಟೋದೇ ಇಲ್ಲ" ಎಂದಳು ಸರೋಜಮ್ಮ. "ಒಳಗಡೆ ಸಣ್ಣ ನಾಳ ಅದೆ, ಅದನ್ನ ಕಟ್ ಮಾಡಿ ಗಂಟು ಹಾಕ್ತಾರೆ, ಅಷ್ಟೆ. ನಿಮ್ಮ ಹೊಲದ ಡ್ರಿಪ್ ಪೈಪಿಗೆ ಗಂಟು ಹಾಕಿದ್ರೆ ಬೋರು ಬತ್ತೋಯ್ತದಾ?"

ಜುಂಜಮ್ಮ ಒಳಗೆ ಹೋಗಿ ಮೊರ ಬಡಿದಳು. ಆ ಬಡಿತಕ್ಕೆ ರಾಗಿಯಲ್ಲಿ ಇಲ್ಲದ ಕಲ್ಲೂ ಹಾರಿಹೋಗಬೇಕಿತ್ತು.

ಮಂಡಿಯಲ್ಲಿ ಸುದ್ದಿ ಹಬ್ಬಿತು. ಜೊತೆಯ ಹಮಾಲಿ ಮಾರಣ್ಣ ದಾರಿಯಲ್ಲಿ ಯಶೋದಳನ್ನು ಕಂಡವನೇ, "ಏನ್ ಯಶೋದಮ್ಮ, ನಮ್ ಮೂರ್ತಿಗೆ ಸೀರೆ ತಂದಿಟ್ಟಿದ್ದೀಯಾ?" ಎಂದು ಹಲ್ಲು ಕಿಸಿದ. ಅವಳಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಮನೆಗೆ ಬಂದು, "ಬ್ಯಾಡ ಬುಡಿ, ನಾನೇ ಹೆಂಗಾದ್ರೂ ಮಾಡಿಸ್ಕತೀನಿ" ಎಂದಳು. ಅಂಜಿನಮೂರ್ತಿ ಮಗನ ಮೂಗು ಒರೆಸುತ್ತಾ, "ಮಾರಣ್ಣ ಆಡ್ಕಂಡ್ರೆ ನಾನು ಸಾಯಾಕಿಲ್ಲ ಕಣೇ" ಎಂದ. ಉಳಿದ ಅರ್ಧ ಮಾತನ್ನು ಅವನು ಆಡಲಿಲ್ಲ. ಅದು ಅವಳಿಗೆ ಕೇಳಿಸಿತು.

ತಾಲ್ಲೂಕು ಆಸ್ಪತ್ರೆಗೆ ಗಂಡ ಹೆಂಡತಿ ಬೆಳಗಿನ ಬಸ್ಸಿಗೆ ಹೋದರು. ಕಾಯುವುದಕ್ಕೆ ಹಿಡಿದ ಹೊತ್ತಿನ ಮುಂದೆ ಆಪರೇಷನ್ನಿಗೆ ಹಿಡಿದದ್ದು ಏನೂ ಅಲ್ಲ. ಆ ಜಾಗಕ್ಕಷ್ಟೇ ಮರಗಟ್ಟುವ ಸೂಜಿ, ಸೂಜಿಮೊನೆಯಷ್ಟೇ ಗಾಯ. ಒಂದು ವಾರ ಭಾರ ಎತ್ತಬಾರದು ಎಂದು ಹೇಳಿ ಕಳಿಸಿದರು. ಊಟದ ವೇಳೆಗೆ ಅಂಜಿನಮೂರ್ತಿ ಕಾಲು ಸ್ವಲ್ಪ ಅಗಲ ಹಾಕುತ್ತಾ ತನ್ನ ಮನೆಯ ಹೊಸಿಲು ದಾಟಿದ.

ದಾಟಿದವನು ಅಲ್ಲೇ ನಿಂತ. ನಡುಮನೆಯಲ್ಲಿ ಚಾಪೆಯ ಮೇಲೆ ಕಂಬಳಿ ಹಾಸಿತ್ತು. ಸಾಂಬ್ರಾಣಿ ಹೊಗೆ ಕವಿದಿತ್ತು. ಒಲೆಯ ಮೇಲೆ ಮೆಣಸು ಬೆಳ್ಳುಳ್ಳಿಯ ಸಾರು ಕುದಿಯುತ್ತಿತ್ತು.

"ಮಲಿಕ್ಕೊ" ಎಂದಳು ಜುಂಜಮ್ಮ.

"ಅವ್ವ, ನಂಗೇನಾಗಿಲ್ಲ..."

"ಬಾಯ್ಮುಚ್ಲಾ. ಕೊಯ್ಸ್ಕಂಡ್ ಬಂದ ಮೈ, ಗಾಳಿ ತಾಗ್ತದೆ." ಹೇಳುತ್ತಲೇ ಮಗನ ಕಿವಿಗೆ ಹತ್ತಿ ತುರುಕಿ, ತನ್ನ ಹಳೆಯ ಸೀರೆಯ ತುಂಡಿನಿಂದ ತಲೆಗೆ ಬಿಗಿಯಾಗಿ ಕಟ್ಟಿದಳು. ಹತ್ತು ಊರಿನ ಬಾಣಂತಿಯರನ್ನು ನೋಡಿಕೊಂಡ ಕೈಗೆ ಗೊತ್ತಿದ್ದ ಆರೈಕೆ ಅದೊಂದೇ. ಮೂಟೆ ಹೊರುವ ಮೀಸೆಯ ಆಳು ಕಂಬಳಿಯ ಮೇಲೆ ಬಾಣಂತಿಯಾಗಿ ಮಲಗಿ, ಹೆಂಡತಿಯ ಕಡೆ ಪಿಳಿಪಿಳಿ ನೋಡಿದ. ಯಶೋದ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಓಡಿದಳು. ಎಷ್ಟೋ ತಿಂಗಳ ಮೇಲೆ ಅವಳು ಹಾಗೆ ನಕ್ಕದ್ದು.

ಸಂಜೆ ನೋಡಲು ಬಂದ ಮಾರಣ್ಣ ಬಾಗಿಲಲ್ಲೇ ಕೇಳಿದ: "ಏನ್ ಜುಂಜಮ್ಮ, ಗಂಡ್ಮಗಾನೋ ಹೆಣ್ಮಗಾನೋ?"

"ಇನ್ನೂ ಇಲ್ಲೇ ನಿಂತಿದ್ರೆ ನಿಂಗೂ ಹತ್ತಿ ತುರುಕ್ತೀನಿ ಕಣ್ಲಾ" ಎಂದಳು ಜುಂಜಮ್ಮ.

ಮಾರನೆಯ ದಿನ ಬಂದ ಸರೋಜಮ್ಮ ಆ ಹತ್ತಿಯನ್ನು ಕಂಡು ನಕ್ಕಳು, ಆಮೇಲೆ ಗಂಭೀರವಾದಳು. "ಆಪರೇಷನ್ ಆಯ್ತು ಅಂತ ಮೈಮರೀಬ್ಯಾಡಿ. ಮೂರು ತಿಂಗಳು ನಿರೋಧ್ ಬೇಕೇ ಬೇಕು. ಆಮೇಲೆ ಪರೀಕ್ಷೆ ಮಾಡಿಸಿ, ಡಾಕ್ಟ್ರು ಸರಿ ಅಂದ ಮೇಲೇನೇ ನಿಶ್ಚಿಂತೆ" ಎಂದಳು.

ಯಶೋದಳ ಮುಖ ಬಿಳಿಚಿತು. ಆವತ್ತಿನಿಂದಲೇ ಎಲ್ಲಾ ಮುಗಿಯಿತು ಎಂದುಕೊಂಡಿದ್ದಳು. ಜುಂಜಮ್ಮ ಮಾತ್ರ ಕೆನ್ನೆಗೆ ಕೈಕೊಟ್ಟು ಯೋಚಿಸಿದಳು. "ಅದೂ ಸರಿಯೇ. ಬೋರು ನಿಲ್ಸಿದ್ ಮೇಲೂ ಪೈಪಲ್ಲಿ ಉಳಿದ ನೀರು ತೊಟ್ಟಿಕ್ತಾನೇ ಇರ್ತದಲ್ಲ."

ಆವತ್ತಿನಿಂದ ನಿರೋಧಿನ ಮೇಲೂ ಜುಂಜಮ್ಮನಿಗೆ ನಂಬಿಕೆ ಸಾಲಲಿಲ್ಲ. ಮಗನ ಚಾಪೆಯನ್ನು ಜಗುಲಿಗೆ ಎಳೆದು ತನ್ನ ಚಾಪೆಯ ಪಕ್ಕ ಹಾಸಿದಳು. ಮಗ ಗೊಣಗಿದರೆ, "ಪೈಪು ಒಣಗಲಿ" ಎಂದು ಮಗ್ಗುಲು ಬದಲಿಸುವಳು.

ವಾರ ಕಳೆದು ಅವನು ಮಂಡಿಗೆ ಹೊರಟ ಬೆಳಗ್ಗೆ, ಹರಳೆಣ್ಣೆ ತರಬೇಕೆಂಬ ನೆವ ಹೇಳಿ ಜುಂಜಮ್ಮ ಸೊಸೆಯನ್ನು ಕರೆದುಕೊಂಡು ಹಿಂದೆಯೇ ಹೋದಳು. ಟೀ ಅಂಗಡಿಯ ಮರೆಯಲ್ಲಿ ಇಬ್ಬರೂ ನಿಂತರು. ಅಂಜಿನಮೂರ್ತಿ ಮೊಣಕಾಲು ಬಗ್ಗಿಸಿ ಕಡ್ಲೆಕಾಯಿ ಮೂಟೆಗೆ ಬೆನ್ನು ಕೊಟ್ಟ. ಜುಂಜಮ್ಮ ಸೊಸೆಯ ಮಣಿಕಟ್ಟು ಹಿಡಿದಳು. ಮೂಟೆ ಎದ್ದಿತು, ಎಂದಿನಂತೆ, ಅದರಲ್ಲೇನು ಅನ್ನುವ ಹಾಗೆ. ಲಾರಿಯ ತನಕ ಹೋಗಿ ಇಳಿಯಿತು.

"ಟಗರಲ್ಲ ಬುಡು ನನ್ ಮಗ" ಎಂದು ಜುಂಜಮ್ಮ ಮೂಗು ಒರೆಸಿಕೊಂಡಳು. ಹರಳೆಣ್ಣೆ ಮರೆತೇಹೋಯಿತು.

ಮೂರು ತಿಂಗಳ ಮೇಲೆ ಪರೀಕ್ಷೆಯಾಯಿತು. ಡಾಕ್ಟರು ಸರಿಯೆಂದರು. ಚಾಪೆ ಜಗುಲಿಯಿಂದ ಒಳಗೆ ಬಂತು; ಅದನ್ನು ಎಳೆದು ತಂದವಳೂ ಜುಂಜಮ್ಮನೇ.

ಮಾರನೆಯ ಮಧ್ಯಾಹ್ನ ಯಶೋದ ಹೊಸಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮಗ ಕೋಳಿಮರಿಯ ಹಿಂದೆ ಅಂಗಳ ಸುತ್ತುತ್ತಿದ್ದ. ಅವಳು ಅವನನ್ನು ಹಿಡಿಯಲಿಲ್ಲ. ಆಡಿ ಸಾಕಾಗಿ ಅವನೇ ಬಂದು ಮೊರ ಪಕ್ಕಕ್ಕೆ ತಳ್ಳಿ ಮಡಿಲು ಹತ್ತಿದ, ಸೆರಗು ಎಳೆದ. ಕೊಟ್ಟಳು. ಎರಡು ಗುಟುಕು ಕುಡಿದು, ಅವಳ ಮುಖ ನೋಡಿ ನಕ್ಕು, ಇಳಿದು ಓಡಿದ. ಯಶೋದ ಸೆರಗು ಸರಿಮಾಡಿಕೊಂಡು ಮೊರವನ್ನು ಹತ್ತಿರಕ್ಕೆ ಎಳೆದಳು. ಕಾಯಿ ಬಿಡಿಸುತ್ತಾ ತನ್ನಷ್ಟಕ್ಕೆ ಗುನುಗತೊಡಗಿದಳು.