ಡಯಾಲಿಸಿಸ್ ಹಾಸಿಗೆಯ ಪೆಡಲು

ವ್ಯಾಯಾಮ ಮಾಡಿಸುವಾಕೆ ಡಯಾಲಿಸಿಸ್ ಹಾಸಿಗೆಯ ಮೇಲೆ ಯಜಮಾನರ ಕಾಲ ಬಳಿ ಸೈಕಲ್ಲಿನಂಥ ಪೆಡಲು ತಂದಿಟ್ಟ ಕೂಡಲೇ ನಾನು ಧಡಕ್ಕನೆ ಎದ್ದೆ. ಅವರ ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿದೆ, ಮೈಯ ರಕ್ತವೆಲ್ಲ ನಳಿಕೆಯಲ್ಲಿ ಯಂತ್ರಕ್ಕೆ ಹೋಗಿ ಬರುತ್ತಿದೆ, ಇವಳಿಗೆ ಸೈಕಲ್ಲಿನ ಚಿಂತೆ. ಮನೆಯಲ್ಲಿ ನೀರಿನ ಲೋಟ ಎತ್ತಲೂ ಬಿಡದೆ ನಾನು ಕಾಪಾಡಿಕೊಂಡು ಬಂದ ಜೀವ ಇದು.

"ಮಲಗೇ ಇದ್ರೆ ಕಾಲು ಸೋತುಹೋಗುತ್ತಮ್ಮ. ಸೂಜಿ ಇರೋ ಕೈ ಅಲ್ಲಾಡದಿದ್ರೆ ಸಾಕು," ಎಂದಳು.

"ಕಿತ್ಕೊಂಡು ಬಂದ್ರೆ ನೀನು ಹೊಣೆನಾ?"

"ಸುಮ್ನಿರೇ," ಎಂದು ಇವರು ತುಳಿಯತೊಡಗಿದರು. ಎಷ್ಟೋ ದಿನದ ಮೇಲೆ ಮುಖದಲ್ಲಿ ಗೆಲುವು. ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಸೂಜಿಯಿದ್ದ ಕೈಯ ಪಕ್ಕದಲ್ಲೇ ನಿಂತೆ.

ಇದ್ದಕ್ಕಿದ್ದಂತೆ ಯಂತ್ರ ಕಿರುಚಿತು. ಕೆಂಪು ದೀಪ ಹತ್ತಿತು, ನಳಿಕೆಯಲ್ಲಿ ರಕ್ತ ಹರಿಯುವುದು ನಿಂತಿತು.

"ನಾನು ಹೇಳ್ಲಿಲ್ವಾ?" ಎಂದು ಕೂಗಿದೆ. ಇವರು ತುಳಿಯುವುದನ್ನು ಬಿಟ್ಟರು.

ಓಡಿಬಂದ ನರ್ಸ್ ಪೆಡಲಿನತ್ತ ನೋಡಲೇ ಇಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಸೂಜಿ ಅಲುಗದಿರಲೆಂದು ನಾನು ಅವುಚಿ ಹಿಡಿದದ್ದು ನಳಿಕೆಯನ್ನೇ.

ಯಂತ್ರ ಸುಮ್ಮನಾಯಿತು.

"ಈಗ ತುಳೀಲಾ?" ಎಂದರು ಯಜಮಾನರು. ಕೇಳಿದ್ದು ನರ್ಸನ್ನಲ್ಲ, ನನ್ನನ್ನು.